ನಾಲ್ಕು ದೀಪದ ಸೈಕಲ್ಲು

ನನ್ನ ತಮ್ಮನ ಕಾಲು ನೋಡಿದವರು ಅವನಿಗೆ ಅರವತ್ತೈದು ದಾಟಿದೆ ಎಂದರೆ ನಂಬುತ್ತಿರಲಿಲ್ಲ. ಮೀನಖಂಡಗಳು ಕಲ್ಲಿನ ಹಾಗೆ ಗಟ್ಟಿ. ಎದೆ ಮಾತ್ರ ಒಳಕ್ಕೆ ಕುಸಿದು, ಅಂಗಿ ಗೂಟಕ್ಕೆ ನೇತುಹಾಕಿದಂತೆ ಕಾಣುತ್ತಿತ್ತು. "ಕೆಳಗಡೆ ಮದ್ವೆಗಂಡು, ಮೇಲ್ಗಡೆ ಮುದ್ಕ ಕಣ್ಲಾ ನೀನು" ಎಂದು ರೇಗಿಸುತ್ತಿದ್ದೆ. ಚಿನ್ನದ ಗಣಿಯಲ್ಲಿ, ಮೈಸೂರು ಮೈನ್ಸಿನಲ್ಲಿ, ಕಲ್ಲು ಕೊರೆದ ದೂಳೆಲ್ಲ ಅವನ ಎದೆಯಲ್ಲೇ ಕೂತಿತ್ತು. ಗಣಿ ಮುಚ್ಚಿತು, ದೂಳು ಹೋಗಲಿಲ್ಲ.

ಅವನ ಮಗಳು ಕರೆಂಟಿನ ಸೈಕಲ್ಲು ಕೊಡಿಸಿದ ಮೇಲೆ ಪ್ರತಿ ಭಾನುವಾರ ಅದರಲ್ಲೇ ಬಂಗಾರಪೇಟೆಗೆ, ನಮ್ಮ ಮನೆಗೆ ಬರುತ್ತಿದ್ದ. ನಿಮ್ಮ ಮಾರಿಕುಪ್ಪಂನಿಂದ ರೈಲಿದೆಯಲ್ಲ ಎಂದರೆ, "ರೈಲಲ್ಲಿ ತಂದಾಕಕ್ಕೆ ನಾನೇನ್ ಮೂಟೆನಾ ಅಕ್ಕ?" ಎನ್ನುತ್ತಿದ್ದ. ಪೆಡಲು ತುಳಿದರೇನೇ ಆ ಸೈಕಲ್ಲಿನ ಮೋಟಾರು ಜೊತೆಗೆ ಸೇರುವುದು. ಅದೇ ಅವನಿಗೆ ಇಷ್ಟ. ತನ್ನ ಕಾಲಲ್ಲಿ ತಾನು ಬಂದಂತಾಗುತ್ತಿತ್ತು.

ಒಂದು ದಿನ ನಾನೂ ಸೀರೆ ಎತ್ತಿ ಕಟ್ಟಿ ಹತ್ತಿಬಿಟ್ಟೆ. ಬಲ ಹಾಕಿ ತುಳಿದೆ. ಮೋಟಾರು ನರಳಿತು. ಅವನು ಜಗುಲಿ ಮೇಲೆ ಕೂತು ಕೂಗಿದ:

"ಒತ್ಬೇಡಕ್ಕ, ತಿರುಗ್ಸು. ಗೇರು ಅಗುರ ಮಾಡ್ಕೊ, ಕಾಲು ಬಿರಬಿರನೆ ಆಡ್ಲಿ. ನಿಧಾನಕ್ ತುಳುದ್ರೆ ಮೋಟ್ರು ಒಂದೇ ಏಗ್ಬೇಕು, ಬ್ಯಾಟ್ರಿಯೆಲ್ಲಾ ಕುಡುದ್ಬುಡ್ತದೆ."

ತಿರುಗಿಸಿದೆ. ಸೀದಾ ಎದುರು ಮನೆಯ ತಿಪ್ಪೆಗೆ ಹೋಗಿ ನಿಂತೆ. ಅವನು ನಕ್ಕು ನಕ್ಕು, ಕೆಮ್ಮಿ ಕೆಮ್ಮಿ, ನಾನೇ ಬಂದು ಬೆನ್ನು ಸವರಬೇಕಾಯಿತು.

ಫೋನಿನಲ್ಲಿ ಬರೆಯಲು ಕಲಿಸಿದವನೂ ಅವನೇ. ನಾನು ಮುದ್ದೆ ಮಿದ್ದುವಂತೆ ಅಕ್ಷರ ಅಮುಕುತ್ತಿದ್ದೆ. "ಒತ್ಬೇಡಕ್ಕ, ಮುಟ್ಟಿದ್ರೆ ಸಾಕು" ಎನ್ನುತ್ತಿದ್ದ.

ಸೈಕಲ್ಲಿನ ಹ್ಯಾಂಡಲ್ಲಿನ ಮೇಲೆ ನಾಲ್ಕು ಪುಟ್ಟ ದೀಪಗಳಿದ್ದವು. ಬ್ಯಾಟರಿ ಎಷ್ಟು ಉಳಿದಿದೆ ಎಂದು ಅವು ಹೇಳುತ್ತಿದ್ದವು. ಮೊದಮೊದಲು ಅವನು ಬಂದಿಳಿದಾಗ ಮೂರು ಉರಿಯುತ್ತಿದ್ದವು. ಆಮೇಲಾಮೇಲೆ ಎರಡು. ಯುಗಾದಿ ಕಳೆದ ಮೇಲೆ ಒಂದೇ. ವಾಪಸು ಹೋಗಲು ಸಾಲದೆ, ನಮ್ಮ ಮನೆಯಲ್ಲೇ ಚಾರ್ಜಿಗೆ ಹಾಕಿ ಸಂಜೆವರೆಗೆ ಕಾಯುತ್ತಿದ್ದ.

"ಬ್ಯಾಟ್ರಿಗೆ ವಯಸ್ಸಾಯ್ತಕ್ಕ."

"ನಿಂಗಿಂತ ಮುಂಚೇನಾ?"

"ಊಂ. ದುಡಿಯೋದು ಅದು, ಮೆರೆಯೋದು ನಾನು."

ನಾನು ಅವನ ಮಗಳಿಗೆ ಫೋನು ಮಾಡಿ, ಜಗಳ ತೆಗೆದು, ಹೊಸ ಬ್ಯಾಟರಿ ಹಾಕಿಸಿದೆ. ಮುಂದಿನ ಭಾನುವಾರ ಅವನು ಬರುವಾಗ ಬಾಗಿಲಲ್ಲೇ ಕಾಯುತ್ತಿದ್ದೆ. ಇಳಿದ. ಒಂದೇ ದೀಪ ಉರಿಯುತ್ತಿತ್ತು.

ನಾನು ದೀಪ ನೋಡಿದೆ. ಅವನು ನನ್ನನ್ನು ನೋಡಿದ. ತುಟಿ ನೀಲಿಯಾಗಿತ್ತು.

"ದಾರೀಲಿ ಕಾಲು ತಿರುಗ್ಸಿದ್ಯೇನ್ಲಾ?"

"ತಿರುಗ್ಸಿದೆ. ನಿಧಾನಕ್ಕೆ." ಉಸಿರು ಎಳೆದುಕೊಂಡ. "ಕಾಲು ಚೆನ್ನಾಗೇ ಐತಕ್ಕ. ದಮ್ಮು ಸಾಲ್ತಿಲ್ಲ. ಎಲ್ಲಾ ಮೋಟ್ರೇ ಎಳ್ದಿದ್ದು."

"ಓಗ್ಲಿ ಬುಡು. ಮುದ್ದೆ ಆರೋಯ್ತದೆ, ಬಾ" ಎಂದೆ.

ಊಟವಾದ ಮೇಲೆ ಅವನು ಚಾರ್ಜರು ಕೇಳಲಿಲ್ಲ. ಸೈಕಲ್ಲು ಇಲ್ಲೇ ಇರಲಿ ಎಂದ. ಸ್ಟೇಷನ್ನಿನವರೆಗೆ ಇಬ್ಬರೂ ನಡೆದೆವು. ಅವನು ನಿಂತಲ್ಲೆಲ್ಲ ನಾನು ಚಪ್ಪಲಿಗೆ ಕಲ್ಲು ಸೇರಿದೆ ಎಂದು ನೆಪ ಹೇಳಿ ನಿಂತೆ. ರೈಲು ಹೊರಟಾಗ ಕಿಟಕಿಯಿಂದ ಕೈಯಾಡಿಸಿ, "ಮೂಟೆ ಓಯ್ತಾ ಐತೆ ಕಣಕ್ಕ" ಎಂದ. ನಾನು ನಕ್ಕೆ, ಅವನು ನೋಡಲಿ ಎಂದು.

ಆಮೇಲೆ ಅವನು ಬರಲಿಲ್ಲ, ನಾನೇ ಹೋಗಿ ಬರುತ್ತಿದ್ದೆ. ಶ್ರಾವಣದಲ್ಲಿ ಹೋಗಿಬಿಟ್ಟ.

ಸೈಕಲ್ಲು ನಮ್ಮ ಪಡಸಾಲೆಯಲ್ಲೇ ಇದೆ. ಭಾನುವಾರ ಬೆಳಿಗ್ಗೆ ಚಾರ್ಜಿಗೆ ಹಾಕುತ್ತೇನೆ. ಯಾಕೆ ಎಂದು ಮನೆಯಲ್ಲಿ ಯಾರೂ ಕೇಳುವುದಿಲ್ಲ. ಈಗ ಅದರ ಪಕ್ಕದಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಒತ್ತುತ್ತಿಲ್ಲ, ಮುಟ್ಟುತ್ತಿದ್ದೇನೆ. ನಾಲ್ಕು ದೀಪವೂ ಉರಿಯುತ್ತಿವೆ. ಬ್ಯಾಟರಿಯಲ್ಲಿ ಏನೂ ದೋಷವಿಲ್ಲ.