ಏಳು ವರ್ಷ ನುಂಗಿದ ಹಕಾರ

ಚಿಂತಾಮಣಿಯ ಕೋಳಿಗಳು ಶೈಲಜಾ ಅವರ ಕೀಬೋರ್ಡಿನ ಸದ್ದು ಕೇಳಿದ ಮೇಲೆಯೇ ಕೂಗುತ್ತವೆ. ಬೆಳಗಿನ ಐದಕ್ಕೆ ಟಪಟಪ ಶುರುವಾದರೆ ಓಣಿಯ ಕಿಟಕಿಗಳೆಲ್ಲ ತಾಳ ಹಾಕುತ್ತವೆ. ಕೆಳಗಿನ ಕೋರ್ಟಿನಲ್ಲಿ ಸಾಕ್ಷಿಗಳು ಕನ್ನಡದಲ್ಲಿ ಹೇಳಿದ್ದನ್ನು ಹೈಕೋರ್ಟಿನ ಮೇಲ್ಮನವಿಗಾಗಿ ಇಂಗ್ಲಿಷಿಗೆ ತರುವುದು ಇವರ ಕೆಲಸ. ದಿನಕ್ಕೆ ನಲವತ್ತು ಪುಟ. ಇಪ್ಪತ್ತೆರಡು ವರ್ಷದ ಹಾಳೆಗಳನ್ನು ಒಟ್ಟಿದರೆ ಸ್ಕಂದಗಿರಿ ಬೆಟ್ಟವೇ ನೆರಳಲ್ಲಿ ಮುಳುಗುತ್ತದೆ.

ಕೆಂಚಾರ್ಲಹಳ್ಳಿಯ ಅಜ್ಜಿ ಗಂಗುಲಮ್ಮನಿಂದ ಇವರು ಮೊದಲು ಕಲಿತದ್ದು ತೆಲುಗು. ಶಾಲೆಯಲ್ಲಿ ಅದನ್ನಾಡಿದ್ದಕ್ಕೆ ತಿಂದ ಏಟುಗಳಿಗೆ ಕೋಲು ಒದಗಿಸಿಯೇ ಊರಿನ ಹುಣಸೆಮರಗಳು ಬೋಳಾದವು.

ಹೋದ ವರ್ಷ ಚಲಪತಿ ಎಂಬ ರೇಷ್ಮೆ ಬೆಳೆಗಾರನ ಕಡತ ಬರುತ್ತದೆ. ಅವನ ಶೆಡ್ಡಿನಲ್ಲಿ ಸಿಕ್ಕ ಎರಡು ಮೂಟೆ ಸೇರಿ ಇಪ್ಪತ್ತೆರಡು ಕೆ.ಜಿ. ಗಾಂಜಾ ಎಂದು ಲೆಕ್ಕ. ಇಪ್ಪತ್ತು ದಾಟಿದರೆ ಜೈಲು ಹತ್ತು ವರ್ಷಕ್ಕೆ ಕಡಿಮೆಯಿಲ್ಲ, ಹತ್ತೂ ಬಿದ್ದಿವೆ. ಸಾಕ್ಷಿ ಆವುಲಪ್ಪನ ಹೇಳಿಕೆಯ ಟೈಪು ಪ್ರತಿಯಲ್ಲಿ ಒಂದು ಸಾಲು: ‘ದೊಡ್ಡ ಮೂಟೆಯಲ್ಲಿ ಬರೀ ಹಾಕು.’

ಶೈಲಜಾ ಅವರ ಕೈ ನಿಲ್ಲುತ್ತದೆ. ಓಣಿಯೂ ನಿಲ್ಲುತ್ತದೆ.

“ಬರೀ ಹಾಕು ಅಂದ್ರೆ ಏನ್ ಹಾಕೋದು ಸಾರ್?”

“ಏನೋ ಒಂದು ಹಾಕಿ ಕಳ್ಸಮ್ಮ, ಸೋಮವಾರ ಕೊಡ್ಬೇಕು,” ಎನ್ನುತ್ತಾರೆ ಚಲಪತಿಯ ವಕೀಲ ಭಾನುಪ್ರಕಾಶ್.

“ನೀವು ಸೋಮವಾರ ಕೊಡ್ತೀರ. ಅವ್ನು ಹತ್ತು ವರ್ಷ ಕೊಡ್ಬೇಕಲ್ಲ.”

ಮೂಟೆ ಹಿಡಿದ ದಿನದ ಕೈಬರಹದ ಮಹಜರನ್ನು ಹುಡುಕಿ ತೆಗೆಯುತ್ತಾರೆ. ಅಲ್ಲಿ ಆವುಲಪ್ಪನ ಮಾತಿನಲ್ಲಿರುವುದು ‘ಆಕು’. ತೆಲುಗಿನಲ್ಲಿ ಎಲೆ. ಈ ಸೀಮೆಯಲ್ಲಿ ಹಕಾರ ನುಂಗುವವರೇ ಹೆಚ್ಚಾದ್ದರಿಂದ ಯಾರೋ ಟೈಪಿಸ್ಟು ಒಂದು ‘ಹ’ ಸೇರಿಸಿ ಆವುಲಪ್ಪನ ಮಾತನ್ನು ತಿದ್ದುವ ಉಪಕಾರ ಮಾಡಿದ್ದಾನೆ. ಹೂವಿನ ತೆನೆಯಿಲ್ಲದ ಬರೀ ಎಲೆ ಕಾನೂನಿನಲ್ಲಿ ಗಾಂಜಾ ಅಲ್ಲ. ಪ್ರಯೋಗಾಲಯಕ್ಕೆ ಹೋದ ಮಾದರಿಯೂ ಸಣ್ಣ ಮೂಟೆಯದೇ. ದೊಡ್ಡ ಮೂಟೆಯ ಹದಿನಾರು ಕೆ.ಜಿ. ತೆಗೆದರೆ ಉಳಿಯುವುದು ಆರು.

“ವಕೀಲ ನಾನಾ, ನೀವಾ?” ಎಂದು ಈ ಲೆಕ್ಕವನ್ನೆಲ್ಲ ಕೇಳಿಸಿಕೊಂಡ ಭಾನುಪ್ರಕಾಶ್ ಕೇಳಿದರೆ ಇವರದು ಒಂದೇ ಮಾತು: “ಕರೀ ಕೋಟು ನೀವೇ ಇಟ್ಕೊಳ್ಳಿ ಸಾರ್, ಸೆಕೆ.”

ಮೇಲ್ಮನವಿಯಲ್ಲಿ ಹತ್ತು ವರ್ಷ ಮೂರಕ್ಕಿಳಿಯುತ್ತದೆ. ಜೈಲಿನಲ್ಲಿ ಮೂರು ಆಗಲೇ ಕಳೆದಿರುವುದರಿಂದ ಚಲಪತಿ ಊರಿಗೆ ಮರಳಿದ್ದಾನೆ. ಬಸ್‌ಸ್ಟ್ಯಾಂಡಿನಲ್ಲಿ ಎದುರಾದರೂ ಶೈಲಜಾ ಯಾರೆಂದು ಅವನಿಗೆ ತಿಳಿಯದು.

“ಮೊನ್ನೆ ‘ಸ್ವಲ್ಪ ಸರ್ಕೊಳ್ಳಮ್ಮ’ ಅಂದ, ಸರ್ಕೊಂಡೆ,” ಎಂದು ನಗುತ್ತಾರೆ. ಆಮೇಲೆ ಕನ್ನಡಕ ಒರೆಸುತ್ತಾ ಹೇಳುತ್ತಾರೆ: “ತೀರ್ಪಲ್ಲಿ ನನ್ನ ಹೆಸರಿಲ್ಲ, ಬೇಕಾಗೂ ಇಲ್ಲ. ಏಟು ತಿನ್ಸಿದ ನಮ್ಮಜ್ಜಿ ಮಾತು ಹೈಕೋರ್ಟಲ್ಲಿ ಐತೆ. ಹಕಾರ ಇಲ್ದೆ.”