ಬಿಚ್ಚಪ್ಪ ಕೂಡಿಸಿದ ಕಂಪ್ಯೂಟರ್

ಬಿಚ್ಚಪ್ಪನ ಸುದ್ದಿ ಅತ್ತಿಗೆಯ ಕಿವಿಗೆ ಬಿದ್ದದ್ದು ಅವಳಿನ್ನೂ ಅವನಿಗೆ ಅತ್ತಿಗೆಯಾಗುವ ಮೊದಲೇ. ಮದುವೆಯ ಮಾತಿಗೆಂದು ಬಂದಿದ್ದ ಗಂಡಿನ ಸೋದರತ್ತೆ ದನಿ ತಗ್ಗಿಸಿ ಹೇಳಿದ್ದಳು: “ಹುಡುಗ ಚಿನ್ನ ಕಣೇ. ಅವನ ತಮ್ಮಂದೇ ಕಾಟ. ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿಬಿಡ್ತಾನೆ. ಟ್ರಂಕಿಗೆ ಬೀಗ ಹಾಕ್ಕೋ. ಆಮೇಲೆ ಆ ಬೀಗಾನೂ ಬಚ್ಚಿಡು.”

ಅವಳು ಆ ಮನೆ ಹೊಕ್ಕ ಮೂರನೇ ದಿನ ಗೋಡೆ ಗಡಿಯಾರ ನಲವತ್ತು ಚೂರಾಗಿ ಹೊದಿಕೆಯ ಮೇಲೆ ಮಲಗಿತ್ತು. ಸಂಜೆಯ ಹೊತ್ತಿಗೆ ಮತ್ತೆ ಗೋಡೆ ಹತ್ತಿತು. ಒಂದು ಸ್ಕ್ರೂ ಹೊರಗೇ ಉಳಿದಿತ್ತು, ಗಡಿಯಾರ ಮಾತ್ರ ಮೊದಲಿಗಿಂತ ಚೆನ್ನಾಗಿ ಓಡಿತು.

ಆ ಕೈಯೇ ಅವನಿಗೆ ಅನ್ನ ಹಾಕಿತು. ಮೂವತ್ತು ವರ್ಷ, ಗಾಜಿನ ಪೆಟ್ಟಿಗೆಯಂಥ ಅಂಗಡಿಯಲ್ಲಿ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ವಾಚು ರಿಪೇರಿ ಮಾಡಿದ. ಆಮೇಲೆ ಜನ ಫೋನಿನಲ್ಲೇ ಗಂಟೆ ನೋಡತೊಡಗಿದರು, ಅಂಗಡಿ ಮುಚ್ಚಿತು. ಅಷ್ಟರಲ್ಲಿ ಅಣ್ಣನೂ ತೀರಿಕೊಂಡಿದ್ದ. ಮನೆಯಲ್ಲಿ ಉಳಿದದ್ದು ಅತ್ತಿಗೆ, ಮೈದುನ, ಮತ್ತು ವಾರಕ್ಕೆರಡು ಸಲ ಬಿಚ್ಚಿಸಿಕೊಂಡು ಸುಸ್ತಾದ ಒಂದು ಮಿಕ್ಸಿ. ಕೆಲಸವಿಲ್ಲದ ಬಿಚ್ಚಪ್ಪನ ಬೆರಳುಗಳು ಊಟದ ತಟ್ಟೆಯ ಅಂಚಿನಲ್ಲೂ ಸ್ಕ್ರೂ ಹುಡುಕುತ್ತಿದ್ದವು. ಅದನ್ನು ನೋಡಿದರೆ ಅತ್ತಿಗೆಗೆ ತುತ್ತು ಇಳಿಯುತ್ತಿರಲಿಲ್ಲ.

ಒಂದು ದಿನ ಬೀದಿಯ ಲೈಬ್ರರಿಯಲ್ಲಿ, ಪೇಪರ್ ಓದುವವರೆಲ್ಲರ ಎದುರು, “ಲೈಬ್ರರಿಗೆ ಬೇಕಾಗಿರೋ ಕಂಪ್ಯೂಟರ್ ಬಿಡಿ ಭಾಗ ತಂದು ನಾನೇ ಕೂಡಿಸ್ತೀನಿ” ಎಂದುಬಿಟ್ಟ. ಲೈಬ್ರರಿಯ ಮೇಡಂ ಕನ್ನಡಕದ ಮೇಲಿಂದ ನೋಡಿದರು. “ಸೋಮವಾರ ಬೆಳಿಗ್ಗೆ ಅದು ಓಡಿದ್ರೆ ಮೆಟ್ಟಿಲ ಕೆಳಗಿನ ಜಾಗ ನಿಮ್ದು, ಮೇಜು ಹಾಕ್ಕೊಂಡು ರಿಪೇರಿ ಮಾಡಿ. ಓಡ್ಲಿಲ್ಲ ಅಂದ್ರೆ ದೊಡ್ಡ ಅಂಗಡಿಯವರಿಗೆ ಹೇಳ್ತೀನಿ.”

ಮೆಟ್ಟಿಲ ಕೆಳಗೊಂದು ಮೇಜು! ಬಿಚ್ಚಪ್ಪ ಮನೆಗೆ ನಡೆದು ಬರಲಿಲ್ಲ, ಹಾರಿ ಬಂದ.

ಲೆಕ್ಕವನ್ನೆಲ್ಲ ಮಾಡುವ ಪುಟ್ಟ ಬಿಲ್ಲೆ, ಅಂದರೆ ಪ್ರೊಸೆಸರ್, ಓದುಗರೊಬ್ಬರು ಡಬ್ಬಿಯ ಸಮೇತ ಕೊಟ್ಟಿದ್ದರು. ಅದು ಕೂರುವ ಮದರ್‌ಬೋರ್ಡನ್ನು ಬಿಚ್ಚಪ್ಪ ತರಬೇಕಿತ್ತು. ವಾಚಿನ ಚಕ್ರ ಅಳೆಯುವ ಸಲಕರಣೆಯಲ್ಲಿ ಬಿಲ್ಲೆಯನ್ನು ಅಳೆದವನೇ ಅಂಗಡಿಗೆ ಹೋಗಿ, “ಮೂವತ್ತೇಳೂವರೆ ಮಿಲಿಮೀಟರಿನದು ಕೂರೋ ಬೋರ್ಡ್ ಕೊಡಿ” ಎಂದ. ಅಂಗಡಿಯವನು ತಲೆ ಕೆರೆದುಕೊಂಡು ಯಾವುದೋ ಒಂದನ್ನು ಕೊಟ್ಟ.

ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಬಿಲ್ಲೆಯನ್ನು ಬೋರ್ಡಿನಲ್ಲಿ ಅದಕ್ಕೆಂದೇ ಇದ್ದ ಗೂಡಿನ ಮೇಲಿಟ್ಟ. ಉದ್ದಗಲ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆದರೆ ಬಿಲ್ಲೆಯ ಅಂಚಿನ ಕಚ್ಚುಗಳು ಒಂದು ಕಡೆ, ಗೂಡಿನ ಮೊನೆಗಳು ಇನ್ನೊಂದು ಕಡೆ. ಬಿಚ್ಚಪ್ಪ ಸಣ್ಣ ಅರ ತೆಗೆದ.

“ಒಂದೇ ಒಂದು ಉಜ್ಜು, ಅತ್ತಿಗೆ!”

ಅತ್ತಿಗೆ ಅರವನ್ನು ಕಿತ್ತುಕೊಂಡು ಕುರ್ಚಿಯ ಮೇಲಿಟ್ಟು, ಅದರ ಮೇಲೆ ತಾನೇ ಕೂತುಬಿಟ್ಟಳು. “ಈಗ ಉಜ್ಜು ನೋಡೋಣ.”

ಅವಳು ಓದಿದ್ದು ಮೂರನೇ ಕ್ಲಾಸು. ಅಕ್ಷರಗಳು ಅವಳೊಂದಿಗೆ ಜಗಳವಾಡುತ್ತಿದ್ದವು, ಅಂಕಿಗಳು ಮಾತ್ರ ಹೇಳಿದಂತೆ ಕೇಳುತ್ತಿದ್ದವು. ಕೂತಲ್ಲಿಂದಲೇ ಎರಡೂ ಡಬ್ಬಿಗಳನ್ನು ಕಣ್ಣಿನ ಹತ್ತಿರ ಹಿಡಿದಳು. “ಬಿಲ್ಲೆ ಡಬ್ಬಿ ಮೇಲೆ ಹನ್ನೊಂದು ನೂರ ಐವತ್ತೈದು. ಬೋರ್ಡ್ ಡಬ್ಬಿ ಮೇಲೆ ಹನ್ನೊಂದು ನೂರ ಐವತ್ತೊಂದು. ಏನೋ ಇದು?”

ಬಿಚ್ಚಪ್ಪನ ಮುಖ ಸಪ್ಪಗಾಯಿತು. “ಗೂಡಿನ ತಂತಿಗಳ ಲೆಕ್ಕ ಇರ್ಬೇಕು. ನಾಲ್ಕೇ ನಾಲ್ಕು ಕಮ್ಮಿ, ಬಿಡಿ.”

“ನಾಲ್ಕೇ ನಾಲ್ಕು ಹಲ್ಲು ಕೀಳಿಸ್ಕೊಂಡು ಬಂದು ಊಟಕ್ಕೆ ಕೂರು, ಆಮೇಲೆ ಹೇಳು!”

ಬೋರ್ಡ್ ಕೊಟ್ಟ ಅಂಗಡಿಗೆ ಅಂದು ರಜೆ. ಇಬ್ಬರೂ ಹಳೇ ಸಾಮಾನಿನ ಓಣಿಗೆ ಧಾವಿಸಿದರು. ಬಿಲ್ಲೆ ಹತ್ತಿಯಲ್ಲಿ ಸುತ್ತಿಸಿಕೊಂಡು ಕನ್ನಡಕದ ಡಬ್ಬಿಯಲ್ಲಿತ್ತು, ಡಬ್ಬಿ ಅತ್ತಿಗೆಯ ಕೈಯಲ್ಲಿತ್ತು. ಅಂಗಡಿ ಅಂಗಡಿಗೂ ಅವಳದು ಒಂದೇ ರಾಗ: “ನಮ್ಮ ಹತ್ರ ಗಂಡಿದೆ, ಹೆಣ್ಣು ತೋರಿಸಿ. ಹನ್ನೊಂದು ನೂರ ಐವತ್ತೈದೇ ಆಗ್ಬೇಕು, ಒಂದು ಕಮ್ಮಿಯಾದ್ರೂ ಒಲ್ಲೆವು.” ಮೂರು ಅಂಗಡಿಯವರು ನಕ್ಕರು, ಇಲ್ಲವೆಂದರು. ನಾಲ್ಕನೆಯದರಲ್ಲಿ ಕೂತಿದ್ದ ದಪ್ಪನೆಯ ಹೆಂಗಸು ರಾಶಿಯ ಅಡಿಯಿಂದ ಒಂದು ಬೋರ್ಡ್ ಎಳೆದಳು.

“ಇದೆ ಕಣಮ್ಮ, ಆದ್ರೆ ಗೂಡಲ್ಲಿ ಎರಡು ತಂತಿ ಬಾಗಿವೆ. ಯಾರೂ ಮುಟ್ಟಲ್ಲ.”

“ಬಾಗಿವೆಯಾ?” ಬಿಚ್ಚಪ್ಪ ಹಬ್ಬದೂಟ ಕಂಡವನಂತೆ ಅರಳಿದ. ಜೇಬಿನಿಂದ ಭೂತಗನ್ನಡಿ ಬಂತು, ಚಿಮುಟ ಬಂತು. ಸಾವಿರ ತಂತಿಗಳ ನಡುವೆ, ಒಂದು ಉಸಿರಿಗೆ ಒಂದರಂತೆ, ಎರಡನ್ನೂ ನೆಟ್ಟಗೆ ಮಾಡಿದ.

“ಅಯ್ಯೋ, ನಾನ್ಯಾಕೆ ಉಸಿರು ಕಟ್ಕೊಂಡಿದೀನಿ?” ಎಂದು ಅಂಗಡಿಯವಳು ಬುಸ್ಸೆಂದಳು.

ಅತ್ತಿಗೆ ಡಬ್ಬಿ ತೆರೆದಳು. ಬಿಲ್ಲೆ ಸದ್ದಿಲ್ಲದೆ ಇಳಿದು ಕೂತಿತು. ಅರವತ್ತೊಂದರ ಬಿಚ್ಚಪ್ಪ ಅರವತ್ತೆಂಟರ ಅತ್ತಿಗೆಯ ಎರಡೂ ಕೈ ಹಿಡಿದು ಓಣಿಯ ನಡುವೆ ಬುಗುರಿಯಂತೆ ತಿರುಗಿಸಿದ. “ಬಿಡೋ, ನನ್ನ ಮಂಡಿ ಬಿಚ್ಚಿ ಬರತ್ತೆ!” ಎಂದು ಅವಳು ಕಿರುಚುತ್ತಲೇ ಇನ್ನೂ ಒಂದು ಸುತ್ತು ತಿರುಗಿದಳು.

ಸೋಮವಾರ ಲೈಬ್ರರಿಯಲ್ಲಿ ಕಂಪ್ಯೂಟರಿನ ಫ್ಯಾನು ಗುಂಯ್ ಎಂದಿತು, ಪರದೆ ಬೆಳಗಿತು. ಮೇಡಂ, “ಮೇಜು ಎಷ್ಟುದ್ದದ್ದು ತರ್ತೀರಿ?” ಎಂದರು.

ಆ ಮೇಜಿನ ಹಿಂದೆ ಬಿಚ್ಚಪ್ಪ ಏಳು ವರ್ಷ ರಾಜನಂತೆ ಕೂತ. ಊಟದ ಡಬ್ಬಿ ಹಿಡಿದು ಹೋದ ಅತ್ತಿಗೆ ಮಧ್ಯಾಹ್ನವೆಲ್ಲ ಅಲ್ಲೇ ಉಳಿದು, ಬಂದವರ ಡಬ್ಬಿಗಳ ಅಂಕಿ ಓದಿ ಹೇಳುತ್ತಿದ್ದಳು. ಆಮೇಲೆ ಅವನ ಎದೆ ಕೈಕೊಟ್ಟಿತು. ಆಸ್ಪತ್ರೆಯ ಮಂಚದಲ್ಲೂ ನಗು ಬಿಟ್ಟಿರಲಿಲ್ಲ. ಕೊನೆಯ ದಿನ, ಕಿಟಕಿಯಲ್ಲಿ ಬಿಸಿಲಿದ್ದ ಹೊತ್ತು, ಅವಳನ್ನು ಹತ್ತಿರ ಕರೆದ.

“ಅತ್ತಿಗೆ, ನಾಳೆಯಿಂದ ನನ್ನ ಸ್ಟೂಲಿನ ಮೇಲೆ ನೀವು ಕೂತ್ಕೊಳ್ಳಿ. ಖಾಲಿ ಕಂಡ್ರೆ ಮೇಡಂ ಅಲ್ಲಿ ಹಳೇ ಪೇಪರ್ ಪೇರಿಸಿಬಿಡ್ತಾರೆ.”