ಇಸ್ತ್ರಿ ಪೆಟ್ಟಿಗೆ ಕಲಿಸಿದ ಲೆಕ್ಕ

ಅರವತ್ತರ ದಶಕದಲ್ಲಿ ಯಶವಂತಪುರದ ನಮ್ಮ ಬಾಡಿಗೆ ಮನೆಗೆ ಇದ್ದದ್ದು ದೀಪದ ಲೈನು ಮಾತ್ರ. ಕರೆಂಟಿನ ಒಲೆ, ಇಸ್ತ್ರಿ ಬೇಕೆನ್ನುವವರು ಬೇರೆ ಮೀಟರು ಹಾಕಿಸಬೇಕಿತ್ತು. ನನ್ನ ಗಂಡನಿಗೆ ಅಷ್ಟು ತಾಳ್ಮೆ ಎಲ್ಲಿ? ಬಲ್ಬು ಬಿಚ್ಚಿ, ಅದರ ಹೋಲ್ಡರಿಗೇ ಹೊಸ ಇಸ್ತ್ರಿ ಪೆಟ್ಟಿಗೆಯ ವೈರು ಸಿಕ್ಕಿಸಿದರು. ಫ್ಯೂಸು ಹೋಯಿತು. ಕತ್ತಲಲ್ಲಿ ಕೂತ ಅತ್ತೆ, ಮಗನಿಗೆ ಚೆನ್ನಾಗಿ ಮಂಗಳಾರತಿ ಎತ್ತಿದರು.

"ಇಸ್ತ್ರಿ ಮೇಲೇ ಬರೆದಿದೆಯಲ್ಲ ರೀ, ಇನ್ನೂರ ಮೂವತ್ತು ವೋಲ್ಟು, ಎರಡು ಆಂಪಿಯರು. ಗುಣಿಸಿದ್ರೆ ನಾನೂರ ಅರವತ್ತು ವ್ಯಾಟು. ನಮ್ಮ ಬಲ್ಬು ಬರೀ ನಲವತ್ತು. ಆ ಕೂದಲಿನಂಥ ಫ್ಯೂಸು ತಂತಿ ತಡ್ಕೊಳ್ಳುತ್ತಾ?" ಎಂದೆ.

ಮದುವೆಗೆ ಮುಂಚೆ ನಾನು ಒಂದು ವರ್ಷ ಕಾಲೇಜಿನಲ್ಲಿ ವಿಜ್ಞಾನ ಓದಿದ್ದೆ. ಅವರು ಕಾರ್ಖಾನೆಯಲ್ಲಿ ಹೆಲ್ಪರು. ವೈರ್‌ಮನ್ ಆಗುವ ಪರೀಕ್ಷೆಯಲ್ಲಿ ಆಗಲೇ ಡುಮ್ಕಿ ಹೊಡೆದಿದ್ದರು. ಅಂದೇ ಒಪ್ಪಂದವಾಯಿತು.

"ನೀನು ಹೇಳ್ಕೊಡು. ನಾನು ಪಾಸಾದ್ರೆ ಜೂನ್‌ನಲ್ಲಿ ನೀನು ಕಾಲೇಜಿಗೆ ಹೋಗು. ಅಮ್ಮನ್ನ ನಾನು ಒಪ್ಪಿಸ್ತೀನಿ."

ರೆಸಿಸ್ಟೆನ್ಸ್ ಕಂಡುಹಿಡಿಯಿರಿ ಎಂದರೆ ಅವರು ಕರೆಂಟನ್ನು ವೋಲ್ಟೇಜಿನಿಂದ ಭಾಗಿಸುತ್ತಿದ್ದರು. ತಲೆಕೆಳಗು! ಕೊನೆಗೆ ನಮ್ಮ ರೈಲ್ವೆ ಗೇಟನ್ನೇ ಉದಾಹರಣೆ ಮಾಡಿದೆ. ಹಿಂದಿನಿಂದ ಬೀಳುವ ನೂಕು ವೋಲ್ಟೇಜು, ಮುಚ್ಚಿದ ಗೇಟಿನ ಪಕ್ಕದ ಸಂದಿಯಲ್ಲಿ ದಾಟಿಹೋಗುವ ಜನ ಕರೆಂಟು. ಅಷ್ಟು ನೂಕಿದರೂ ಇಷ್ಟೇ ಜನ ದಾಟಿದರು ಎಂದರೆ ಸಂದಿ ಎಷ್ಟು ಇಕ್ಕಟ್ಟಾಗಿರಬೇಕು? ಆ ಇಕ್ಕಟ್ಟೇ ರೆಸಿಸ್ಟೆನ್ಸು. ನೂಕಿದ್ದನ್ನು ದಾಟಿದ್ದರಿಂದ ಭಾಗಿಸಿ. ಇನ್ನೂರ ಮೂವತ್ತನ್ನು ಎರಡರಿಂದ ಭಾಗಿಸಿ ನೂರ ಹದಿನೈದು ಓಮ್ ಎಂದು ಅವರು ಬರೆದ ದಿನ ಅವರಿಗಿಂತ ನಾನೇ ಹೆಚ್ಚು ಹಿಗ್ಗಿದೆ.

ಪಾಸಾದರು. ಜೊತೆ ಕೆಲಸದವರು ಮನೆಗೆ ಬಂದರು.

"ಏನ್ ಗುರು, ಟ್ಯೂಷನ್ ಹಾಕ್ಸಿದ್ಯಾ?" ಎಂದ ಒಬ್ಬ.

"ಟ್ಯೂಷನ್ ಯಾಕೆ ಬೇಕೋ? ಸ್ವಂತ ಓದು ಕಣೋ!"

ಕಾಫಿ ತಟ್ಟೆ ಹಿಡಿದು ನಾನು ಅಲ್ಲೇ ನಿಂತಿದ್ದೆ. ಗಂಡಸರ ಜಂಬ, ಇರಲಿ ಎಂದುಕೊಂಡೆ.

ಜೂನ್ ಬಂತು. ಕೇಳಿದಾಗಲೆಲ್ಲ ಒಂದೇ ಉತ್ತರ: "ಅಮ್ಮ ಒಪ್ತಿಲ್ಲ ಕಣೇ." ಸಿಟ್ಟೆಲ್ಲ ಅತ್ತೆಯ ಮೇಲೆ ತಿರುಗಿತು. ಪಾತ್ರೆ ಕುಕ್ಕಿದೆ, ಮಾತು ಬಿಟ್ಟೆ. ಒಂದು ಮಧ್ಯಾಹ್ನ ತಡೆಯಲಾರದೆ ನೇರವಾಗಿ ಕೇಳಿಯೇಬಿಟ್ಟೆ. ಅತ್ತೆ ಅಟ್ಟೂರು ಹಳ್ಳಿಯ ಹೆಂಗಸು. ಅಕ್ಕಿ ಆರಿಸುತ್ತಿದ್ದ ಕೈ ನಿಲ್ಲಿಸಿ ನನ್ನ ಮುಖ ನೋಡಿದರು.

"ನಾನ್ಯಾಕವ್ವ ಬ್ಯಾಡ ಅನ್ಲಿ? ನಂಗ್ಯಾರು ಏಳಿದ್ರು? ಓಗು, ಅಡಿಗೆ ನಾನ್ ಮಾಡ್ತೀನಿ."

ನನ್ನ ಗಂಡ ಅವರನ್ನು ಕೇಳಿಯೇ ಇರಲಿಲ್ಲ.

ಸಂಜೆ ಅವರು ಕೆಲಸದಿಂದ ಬರುತ್ತಲೇ ಯಾಕೆ ಸುಳ್ಳು ಹೇಳಿದಿರಿ ಎಂದು ಕೇಳಿದೆ. ತಲೆ ಎತ್ತದೆ ಬೂಟಿನ ದಾರ ಬಿಚ್ಚುತ್ತ ಹೇಳಿದರು: "ನೀನು ಕಾಲೇಜಿಗೆ ಹೋದ್ರೆ ಎಲ್ರಿಗೂ ಗೊತ್ತಾಗುತ್ತೆ. ಹೆಂಡ್ತಿ ಹೇಳ್ಕೊಟ್ಟು ಪಾಸಾದ ಅಂತಾರೆ."

ನಾನು ಕಲಿಸಿದ್ದನ್ನು ಮರೆತಿದ್ದಾರೆ ಎಂದು ತಿಳಿದಿದ್ದೆ. ಮರೆತಿದ್ದರೆ ಕ್ಷಮಿಸಿಬಿಡುತ್ತಿದ್ದೆ. ಈ ಮನುಷ್ಯ ಎಲ್ಲ ನೆನಪಿಟ್ಟುಕೊಂಡೇ ಹತ್ತಿದ ಏಣಿಯನ್ನು ಒದ್ದಿದ್ದರು. ಅತ್ತೆ ಬೈದರೂ ಜಗ್ಗಲಿಲ್ಲ. ಗಂಡನ ರುಜು ಇಲ್ಲದೆ ಕಾಲೇಜಿನವರು ನನ್ನನ್ನು ಸೇರಿಸಿಕೊಳ್ಳುವ ಹಾಗಿರಲಿಲ್ಲ.

ಮರುವರ್ಷ ಮೇಲಿನ ಹುದ್ದೆಗೆ ಮತ್ತೊಂದು ಪರೀಕ್ಷೆ ಬಂತು. "ಬಾರೇ ಇಲ್ಲಿ, ಇದೊಂದು ಲೆಕ್ಕ ನೋಡು" ಎಂದು ಕರೆದರು.

"ಗೊತ್ತಿಲ್ಲದಿದ್ರೆ ಕಾಲೇಜಿಗೆ ಹೋಗಿ ಕಲೀರಿ" ಎಂದೆ.

ಅವರು ಫೇಲಾದರು. ಕಾಲೇಜಿಗೆ ನಾನೂ ಹೋಗಲಿಲ್ಲ.